ಸಮ್ಮೋಹನಶೀಲತೆಯನ್ನು ಹಲವು ಭಾಷೆಗಳಲ್ಲಿ ಅಳೆಯುವ ವಿಧಾನ: ಕಲಬುರಗಿ ಸೀಮೆಯ ಸಂಶೋಧಕರಿಗೆ

ಸಮ್ಮೋಹನದ (ಹಿಪ್ನಾಸಿಸ್) ಸೂಚನೆಗೆ ಯಾರು ಎಷ್ಟರ ಮಟ್ಟಿಗೆ ಸ್ಪಂದಿಸುತ್ತಾರೆ ಎಂಬುದು, ಅಂದರೆ ಅವರ ಸಮ್ಮೋಹನಶೀಲತೆ, ಒಬ್ಬರಿಂದ ಒಬ್ಬರಿಗೆ ಬಹಳ ಬೇರೆಯಾಗಿರುತ್ತದೆ, ಆದರೆ ಒಬ್ಬರೊಳಗೆ ಅದು ಬೇಗ ಬದಲಾಗುವುದಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳಾಗಿದ್ದಾಗ ಅಳೆಯಲ್ಪಟ್ಟಿದ್ದ 50 ಮಂದಿಯನ್ನು 25 ವರ್ಷಗಳ ಬಳಿಕ ಮತ್ತೆ ಅಳೆದು, ಪಿಚ್ಚಿಯೋನಿ, ಹಿಲ್ಗಾರ್ಡ್ ಮತ್ತು ಝಿಂಬಾರ್ಡೊ 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡೂ ಅಂಕಗಳ ನಡುವಿನ ಸಹಸಂಬಂಧ 0.71 ಇತ್ತು (1 ಎಂದರೆ ಪೂರ್ತಿ ಹೊಂದಿಕೆ, 0 ಎಂದರೆ ಹೊಂದಿಕೆಯೇ ಇಲ್ಲ). ಇಷ್ಟು ಸ್ಥಿರವಾದ ಗುಣವನ್ನು ಬೇರೆ ಬೇರೆ ಭಾಷಿಕರಲ್ಲಿ ಅಳೆದು ಹೋಲಿಸಬೇಕೆನ್ನುವ ಆಸೆ ಸಹಜವಾದದ್ದು. ಕನ್ನಡ, ದಖ್ಖನಿ ಉರ್ದು, ತೆಲುಗು, ಮರಾಠಿ, ಲಂಬಾಣಿ ಇಷ್ಟೂ ಒಂದೇ ಬಸ್ ನಿಲ್ದಾಣದಲ್ಲಿ ಕೇಳಿಸುವ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಈ ಕೆಲಸಕ್ಕೆ ಅನುಕೂಲವೂ ಇದೆ, ಅಪಾಯವೂ ಇದೆ. ಎರಡು ಭಾಷಾ ಗುಂಪುಗಳ ಸರಾಸರಿ ಅಂಕಗಳನ್ನು ಅಕ್ಕಪಕ್ಕ ಇಟ್ಟು "ಇವರು ಅವರಿಗಿಂತ ಹೆಚ್ಚು ಸಮ್ಮೋಹನಶೀಲರು" ಎಂದು ಬರೆಯುವುದೇ ಆ ಅಪಾಯ. ಮಾಪನದ ಒಂದೊಂದು ಅಂಶವೂ, ಅಂದರೆ ಅದರಲ್ಲಿ ಕೊಟ್ಟು ಅಂಕ ಹಾಕುವ ಒಂದೊಂದು ಸೂಚನೆಯೂ, ಎರಡೂ ಭಾಷೆಗಳಲ್ಲಿ ಒಂದೇ ಸಂಗತಿಯನ್ನು ಅಳೆಯುತ್ತಿದೆ ಎಂದು ತೋರಿಸುವವರೆಗೆ ಆ ಸರಾಸರಿಗೆ ಅರ್ಥವಿಲ್ಲ. ಈ ಬರಹ ಅದನ್ನು ತೋರಿಸುವ ದಾರಿಯನ್ನು ಕುರಿತದ್ದು.

ಇಂತಹ ಅವಸರದ ತೀರ್ಮಾನಕ್ಕೆ ನಮ್ಮ ದೇಶದಲ್ಲಿ ಹಳೆಯ ಉದಾಹರಣೆಯಿದೆ. ಸ್ಕಾಟ್ಲೆಂಡಿನ ವೈದ್ಯ ಜೇಮ್ಸ್ ಎಸ್ಡೇಲ್ 1845ರಿಂದ ಬಂಗಾಳದ ಹೂಗ್ಲಿಯಲ್ಲಿ ಸಮ್ಮೋಹನದ ಹಳೆಯ ರೂಪವಾದ ಮೆಸ್ಮರಿಸಂ ಬಳಸಿ ದೊಡ್ಡ ಶಸ್ತ್ರಚಿಕಿತ್ಸೆಗಳನ್ನು ನಡೆಸಿದ್ದರು. ಈ ಯಶಸ್ಸನ್ನು ನೋಡಿ, ಭಾರತೀಯರ ಮನಸ್ಸೇ ಅಷ್ಟು ಮೆದು ಎನ್ನುವ ವಿವರಣೆಗೆ ಹೋಗುವುದು ಸುಲಭ. ಆದರೆ ಈಥರ್ ಅರಿವಳಿಕೆಯ ಬಹಿರಂಗ ಪ್ರಯೋಗ ನಡೆದದ್ದೇ 1846ರ ಅಕ್ಟೋಬರಿನಲ್ಲಿ. ಅದಕ್ಕೆ ಮೊದಲು ನೋವಿಗೆ ಬೇರೆ ದಾರಿಯಿಲ್ಲದೆ ಬಂದ ರೋಗಿಯನ್ನೂ, ಅವನ ಮೇಲೆ ಗಂಟೆಗಟ್ಟಲೆ ಕೈಯಾಡಿಸುತ್ತಿದ್ದ ಸಹಾಯಕರನ್ನೂ ಲೆಕ್ಕದಿಂದ ಹೊರಗಿಟ್ಟು ಭಾರತೀಯರ ಸ್ವಭಾವವನ್ನು ಅಳೆದೆವು ಎಂದರೆ ಅದು ಅಳತೆಯಾಗುವುದಿಲ್ಲ.

ಯಾವ ಅಳತೆಗೋಲು

ಹೊಸದೊಂದು ಮಾಪನವನ್ನು ಕಟ್ಟುವ ಬದಲು, ಈಗಾಗಲೇ ಹಲವು ದೇಶಗಳಲ್ಲಿ ಬಳಕೆಯಾಗಿರುವುದನ್ನು ಆರಿಸಿಕೊಳ್ಳುವುದು ಲೇಸು. ವೈಟ್‌ಝೆನ್‌ಹಾಫರ್ ಮತ್ತು ಹಿಲ್ಗಾರ್ಡ್ 1959ರಲ್ಲಿ ಹೊರತಂದ ಸ್ಟ್ಯಾನ್‌ಫರ್ಡ್ ಮಾಪನದ ಎ ಮತ್ತು ಬಿ ರೂಪಗಳು, 1962ರ ಸಿ ರೂಪ, ಇವು ಒಬ್ಬರನ್ನು ಕೂರಿಸಿಕೊಂಡು ನಡೆಸುವಂಥವು. ಶೋರ್ ಮತ್ತು ಓರ್ನ್ ಎ ರೂಪವನ್ನು ಗುಂಪಿಗೆ ಹೊಂದಿಸಿ 1962ರಲ್ಲಿ ಸಿದ್ಧಪಡಿಸಿದ ಹಾರ್ವರ್ಡ್ ಗುಂಪು ಮಾಪನದಲ್ಲಿ 12 ಅಂಶಗಳಿವೆ, ಧ್ವನಿಮುದ್ರಿಕೆಯಿಂದಲೂ ನಡೆಸಬಹುದು, ಉತ್ತರ ಪುಸ್ತಿಕೆ ತುಂಬುವುದೂ ಸೇರಿ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು ಹಿಡಿಯುತ್ತದೆ. ಆಸ್ಟ್ರೇಲಿಯಾ, ಜರ್ಮನಿ, ಸ್ಪೇನ್, ಡೆನ್ಮಾರ್ಕ್, ಇಟಲಿ, ಫಿನ್ಲೆಂಡ್, ದಕ್ಷಿಣ ಕೊರಿಯಾ ಮೊದಲಾದೆಡೆ ಇದರ ಸ್ಥಳೀಯ ಮಾನಕಗಳು (ಅಲ್ಲಿನವರ ಸರಾಸರಿ, ಅಂಶವಾರು ತೇರ್ಗಡೆ ಪ್ರಮಾಣ ಇತ್ಯಾದಿ) ಪ್ರಕಟವಾಗಿರುವುದರಿಂದ ನಮ್ಮ ಫಲಿತಾಂಶವನ್ನು ಇಡಲು ಒಂದು ಸಾಲು ಸಿಗುತ್ತದೆ; ಮೊದಲ ಅಧ್ಯಯನಕ್ಕೆ ನನ್ನ ಆಯ್ಕೆ ಇದೇ. 2018ರಲ್ಲಿ ಲಷ್ ಮತ್ತು ಸಂಗಡಿಗರು ಪ್ರಕಟಿಸಿದ ಸಸೆಕ್ಸ್-ವಾಟರ್‌ಲೂ ಮಾಪನ ಹೊರಗೆ ಕಂಡ ವರ್ತನೆಯ ಜೊತೆಗೆ ಒಳಗಿನ ಅನುಭವಕ್ಕೂ ಅಂಕ ಕೊಡುತ್ತದೆ, ಹಾಗಾಗಿ ಎರಡನೆಯ ಹಂತದಲ್ಲಿ ಅದನ್ನು ಪರಿಗಣಿಸಬಹುದು. ಯಾವುದನ್ನೇ ಆರಿಸಿದರೂ ಅನುವಾದಕ್ಕೆ ಕೈಹಾಕುವ ಮೊದಲು ಹಕ್ಕುದಾರರಿಂದ ಬರಹದಲ್ಲಿ ಅನುಮತಿ ಪಡೆಯಬೇಕು.

ಪಠ್ಯವನ್ನು ಕನ್ನಡಕ್ಕೆ ತರುವುದು

ಇಬ್ಬರು ಅನುವಾದಕರು ಒಬ್ಬರನ್ನೊಬ್ಬರು ಕೇಳದೆ ಕನ್ನಡಕ್ಕೆ ತರಬೇಕು. ಮೂರನೆಯವರು ಎರಡನ್ನೂ ಕೂಡಿಸಿ ಒಂದು ಪಠ್ಯ ಮಾಡಬೇಕು. ಮೂಲವನ್ನು ನೋಡಿರದ ನಾಲ್ಕನೆಯವರು ಅದನ್ನು ಇಂಗ್ಲಿಷಿಗೆ ಮರಳಿ ತರಬೇಕು. ಬ್ರಿಸ್ಲಿನ್ 1970ರಲ್ಲಿ ವಿವರಿಸಿದ ಈ ಮರು ಅನುವಾದದ ಕ್ರಮ ಅಗತ್ಯವೇ ಹೌದು, ಆದರೆ ಅದು ಶಬ್ದದ ತಪ್ಪುಗಳನ್ನು ಹಿಡಿಯುವಷ್ಟು ಚೆನ್ನಾಗಿ ಸೂಚನೆಯ ಬಲದಲ್ಲಾಗುವ ಏರುಪೇರನ್ನು ಹಿಡಿಯುವುದಿಲ್ಲ. ಸಮ್ಮೋಹನದ ಪಠ್ಯದಲ್ಲಿ ಕೆಲಸ ಮಾಡುವುದು ಆ ಬಲವೇ. ಎಡಗೈ ಕೆಳಗಿಳಿಯುವ ಅಂಶದಲ್ಲಿ "ಕೈಯನ್ನು ಇಳಿಸಿ" ಎಂದರೆ ಅಪ್ಪಣೆಯಾಗುತ್ತದೆ. "ಕೈ ಇಳಿಯುತ್ತಿದೆ, ಇನ್ನೂ ಭಾರವಾಗುತ್ತಿದೆ" ಎಂದರೆ ಸೂಚನೆಯಾಗುತ್ತದೆ. ತಾನು ಮಾಡದೆಯೇ ಆಯಿತು ಎನ್ನುವ ಅನುಭವವೇ ಸಮ್ಮೋಹನದ ಪ್ರತಿಕ್ರಿಯೆಯ ತಿರುಳಾದ್ದರಿಂದ, ಇಡೀ ಪಠ್ಯವನ್ನು ಒಮ್ಮೆ ಕ್ರಿಯಾಪದಗಳಿಗಾಗಿಯೇ ಓದಿ, ಮೂಲದಲ್ಲಿ ಸೂಚನೆಯಿರುವ ಕಡೆ ಕನ್ನಡದಲ್ಲಿ ಅಪ್ಪಣೆ ನುಸುಳಿಲ್ಲವೆಂದೂ, ಮೂಲದಲ್ಲಿ ನೇರ ಅಪ್ಪಣೆಯಿರುವ ಕಡೆ ಅದು ಮೆದುವಾಗಿಲ್ಲವೆಂದೂ ಖಾತ್ರಿ ಮಾಡಿಕೊಳ್ಳಬೇಕು. "ಈಗ ಕೈ ಎತ್ತಲು ಪ್ರಯತ್ನಿಸಿ" ಎಂಬ ಸವಾಲಿನ ವಾಕ್ಯಗಳಲ್ಲಿ ಈ ಎರಡನೆಯ ತಪ್ಪು ಆಗುವುದು ಹೆಚ್ಚು, ಏಕೆಂದರೆ ಗೌರವದ ರೂಪ ಬಳಸುವಾಗ ಅನುವಾದಕರ ಕೈ ತಾನಾಗಿ "ಸಾಧ್ಯವಾದರೆ" ಎಂದು ಸೇರಿಸಿಬಿಡುತ್ತದೆ.

ಯಾವ ಕನ್ನಡ ಎಂಬ ಪ್ರಶ್ನೆಯನ್ನೂ ಮೊದಲೇ ಬಗೆಹರಿಸಬೇಕು. "ನಿಮ್ಮ ಕೈ ಭಾರವಾಗುತ್ತಿದೆ" ಎಂಬ ವಾಕ್ಯ ಸುರಪುರದ ಯುವಕನಿಗೆ ಸುದ್ದಿ ವಾಚಕರ ಮಾತಿನಂತೆ ಕೇಳಿಸಬಹುದು. "ನಿಮ್ಮ ಕೈ ಭಾರ ಆಗಲಾಕತ್ತದ" ಎಂದರೆ ಅದೇ ಊರಿನ ಇನ್ನೊಬ್ಬ ನಕ್ಕುಬಿಡಬಹುದು, ಏಕೆಂದರೆ ವಿಶ್ವವಿದ್ಯಾಲಯದವರು ಹಾಗೆ ಮಾತಾಡುವುದನ್ನು ಅವನು ಕೇಳಿರುವುದಿಲ್ಲ. ಜಿಲ್ಲೆಯ ಗುರುತು ಎದ್ದು ಕಾಣದ, ಆದರೆ ವಾಕ್ಯಗಳು ಚಿಕ್ಕದಾಗಿ ಮಾತಿನ ಲಯದಲ್ಲೇ ಇರುವ ಕನ್ನಡವನ್ನು ಈ ಸೀಮೆಯ ಒಬ್ಬರ ಧ್ವನಿಯಲ್ಲಿ ಮುದ್ರಿಸಿಕೊಳ್ಳುವುದು ನನಗೆ ಸರಿಯೆನಿಸುತ್ತದೆ. ಉರ್ದುವಿಗೂ ಇದೇ ಮಾತು: ಪುಸ್ತಕದ ಉರ್ದುವಿಗೂ ಇಲ್ಲಿನ ಮನೆಗಳ ದಖ್ಖನಿಗೂ ದೂರ ಕಡಿಮೆಯಲ್ಲ. ಒಂದು ಭಾಷೆಯನ್ನು ಮನೆಮಾತಿನಲ್ಲೂ ಇನ್ನೊಂದನ್ನು ಪುಸ್ತಕದ ರೂಪದಲ್ಲೂ ಮುದ್ರಿಸಿಕೊಂಡರೆ ಮುಂದೆ ಕಾಣುವ ವ್ಯತ್ಯಾಸ ಭಾಷೆಯದೋ ಶೈಲಿಯದೋ ಎಂದು ಹೇಳಲಾಗದು. ಸ್ವಂತ ಲಿಪಿಯಿಲ್ಲದ ಲಂಬಾಣಿಗೆ ಬರಹದ ಪಠ್ಯವನ್ನು ಕನ್ನಡ ಲಿಪಿಯಲ್ಲಿ ಇಟ್ಟುಕೊಂಡರೂ ಭಾಗವಹಿಸುವವರಿಗೆ ತಲುಪುವುದು ಧ್ವನಿಯೊಂದೇ ಆಗಿರಬೇಕು.

ಈ ಪ್ರಯೋಗವನ್ನು ಏನೆಂದು ಕರೆಯುತ್ತೇವೆ ಎಂಬುದೂ ಅಂಕವನ್ನು ಬದಲಿಸುತ್ತದೆ. ಸಮ್ಮೋಹನಕ್ಕೆ ಒಯ್ಯುವ ಒಂದೇ ಆರಂಭದ ಪಠ್ಯವನ್ನು ಕೆಲವರಿಗೆ "ಹಿಪ್ನಾಸಿಸ್" ಎಂದೂ ಕೆಲವರಿಗೆ "ವಿಶ್ರಾಂತಿ" ಎಂದೂ ಹೆಸರಿಸಿದಾಗ ಮೊದಲ ಗುಂಪಿನ ಸ್ಪಂದನ ಹೆಚ್ಚಾಯಿತೆಂದು ಗಾಂಧಿ ಮತ್ತು ಓಕ್ಲಿ 2005ರಲ್ಲಿ ತೋರಿಸಿದ್ದಾರೆ. ನಮ್ಮಲ್ಲಿ "ಸಮ್ಮೋಹನ" ಎಂದರೆ ವಶೀಕರಣ, ಮಾಟ ಎಂದುಕೊಳ್ಳುವವರಿದ್ದಾರೆ. "ಹಿಪ್ನಾಟಿಸಂ" ಎಂದರೆ ವೇದಿಕೆಯ ಮೇಲೆ ಜನರನ್ನು ನಗಿಸುವ ಆಟ ನೆನಪಾಗುತ್ತದೆ. "ಯೋಗನಿದ್ರೆ" ಎಂದರೆ ಭಯವೂ ಹೋಗುತ್ತದೆ, ಅಳೆಯಬೇಕಾದದ್ದೂ ಹೋಗುತ್ತದೆ. ಎಲ್ಲ ಭಾಷೆಗಳಲ್ಲೂ "ಹಿಪ್ನಾಟಿಸಂ" ಎಂಬ ಒಂದೇ ಪದವನ್ನು ಇಟ್ಟುಕೊಂಡು, ಮೂಲ ಪಠ್ಯದ ಪೀಠಿಕೆಯಲ್ಲಿರುವ ತಪ್ಪು ಕಲ್ಪನೆ ನಿವಾರಿಸುವ ಭಾಗವನ್ನು ಮೊಟಕು ಮಾಡದೆ ಉಳಿಸಿಕೊಳ್ಳುವುದು ಉಚಿತ.

ಅಂಶ ಅಂಶವನ್ನೂ ಕೈಗೆತ್ತಿಕೊಂಡು ನೋಡುವುದು

ಅತಿ ಹೆಚ್ಚು ಸಮಯ ಕೊಡಬೇಕಾದ ಹಂತ ಇದು. ಹನ್ನೆರಡು ಅಂಶಗಳನ್ನು ಸ್ಥಳೀಯ ಭಾಷಿಕರ ಚಿಕ್ಕ ಗುಂಪಿನ ಮುಂದಿಟ್ಟು, "ಇದನ್ನು ಕೇಳಿದಾಗ ನಿಮಗೆ ಏನು ಹೊಳೆಯಿತು, ಏನು ಮಾಡಬೇಕೆಂದುಕೊಂಡಿರಿ" ಎಂದು ಒಬ್ಬೊಬ್ಬರನ್ನೇ ಕೇಳಬೇಕು.

ಎಂಟನೆಯ ಅಂಶದಲ್ಲಿ ತಲೆಯಾಡಿಸಿ "ಇಲ್ಲ" ಎನ್ನಲು ಆಗುವುದಿಲ್ಲ ಎಂಬ ಸೂಚನೆ ಕೊಟ್ಟು, ಬಳಿಕ ತಲೆಯಾಡಿಸಲು ಪ್ರಯತ್ನಿಸಿ ಎನ್ನಲಾಗುತ್ತದೆ. ಪಶ್ಚಿಮದ ದೇಶಗಳಲ್ಲಿ ಇದರಲ್ಲಿ ಗೊಂದಲವಿಲ್ಲ. ನಮ್ಮಲ್ಲಿ ತಲೆಯನ್ನು ಬದಿಗೆ ಓಲಿಸಿದರೆ ಒಪ್ಪಿಗೆ, ಎಡಬಲಕ್ಕೆ ತಿರುಗಿಸಿದರೆ ನಿರಾಕರಣೆ. ಗೌರವಕ್ಕಾಗಿ ಎರಡೂ ಅರ್ಧರ್ಧ ಬೆರೆಯುವುದನ್ನು ಯಾವ ಕಿರಾಣಿ ಅಂಗಡಿಯಲ್ಲಾದರೂ ನೋಡಬಹುದು. ಆದ್ದರಿಂದ ಪ್ರಯೋಗ ಶುರುವಾಗುವ ಮುಂಚೆ, ಸಮ್ಮೋಹನದ ಪ್ರಸ್ತಾಪವಿಲ್ಲದೆಯೇ, ಮುಖವನ್ನು ಎಡದಿಂದ ಬಲಕ್ಕೆ ತಿರುಗಿಸುವ ಚಲನೆಯನ್ನು ಎಲ್ಲರಿಗೂ ಒಮ್ಮೆ ಮಾಡಿ ತೋರಿಸಬೇಕು, ಎಲ್ಲ ಭಾಷಾ ಗುಂಪುಗಳಲ್ಲೂ ತೋರಿಸಬೇಕು.

ಏಳನೆಯ ಅಂಶದಲ್ಲಿ ಮುಂದಕ್ಕೆ ಚಾಚಿದ ಎರಡು ಅಂಗೈಗಳು ಒಂದನ್ನೊಂದು ಎಳೆದುಕೊಳ್ಳುತ್ತವೆ ಎಂಬ ಸೂಚನೆಯಿದೆ. ಕೈಗಳು ಕೂಡಿದರೆ ಬಹುತೇಕ ನಮಸ್ಕಾರದ ಭಂಗಿಯೇ ಆಗುತ್ತದೆ. ಬಾಲ್ಯದಿಂದ ರೂಢಿಯಾದ ಚಲನೆ ಇದಕ್ಕೆ ಸಹಾಯ ಮಾಡಿದರೆ, ಸಲಾಮಿನ ರೂಢಿಯಿರುವವರಿಗಿಂತ ನಮಸ್ಕಾರದ ರೂಢಿಯಿರುವವರಿಗೆ ಈ ಅಂಶ ಸುಲಭವಾದೀತು ಎನ್ನುವುದು ನನ್ನ ಅನುಮಾನ, ಅಷ್ಟೇ. ಮುಂದೆ ಹೇಳುವ ವಿಶ್ಲೇಷಣೆಯಲ್ಲಿ ಅದನ್ನು ಪರೀಕ್ಷಿಸಬಹುದು.

ಹನ್ನೊಂದನೆಯದು ಎಚ್ಚರವಾದ ಮೇಲೆ ಗುರುತಿನ ಸದ್ದು ಕೇಳಿದಾಗ ಎಡಗಾಲ ಹರಡನ್ನು ಮುಟ್ಟುವುದು. ಸೀರೆ ಉಟ್ಟ ಹೆಣ್ಣುಮಗಳು ಗಂಡಸರಿರುವ ಕೊಠಡಿಯಲ್ಲಿ ಬೆಂಚಿನ ಮೇಲಿಂದ ಬಗ್ಗಿ ಹರಡು ಮುಟ್ಟಲು ಹಿಂಜರಿದರೆ ಅದು ಸಮ್ಮೋಹನಶೀಲತೆಯ ಕೊರತೆಯಲ್ಲ. ಮೊದಲು ಪ್ರಯತ್ನಿಸಬೇಕಾದದ್ದು ಹೆಂಗಸರು ಗಂಡಸರಿಗೆ ಬೇರೆ ಬೇರೆ ಸರದಿ, ಮುಂದೆ ಮರೆಯಿರುವ ಡೆಸ್ಕು. ಅದಕ್ಕೂ ಆಗದೆ ಮೊಣಕಾಲು ಎಂದು ಬದಲಿಸಿದರೆ, ಬದಲಾವಣೆ ಎಲ್ಲ ಭಾಷೆಗಳ ಆವೃತ್ತಿಗೂ ಅನ್ವಯಿಸಬೇಕು, ವರದಿಯಲ್ಲಿ ಅದನ್ನು ಪರಿಷ್ಕೃತ ಮಾಪನವೆಂದೇ ಕರೆಯಬೇಕು.

ಒಂಬತ್ತನೆಯ ಅಂಶ ಇಲ್ಲದ ನೊಣದ ಗುಂಯ್‌ಗುಡುವಿಕೆಯನ್ನು ಕೇಳಿಸುವುದು. ಮಾವಿನ ಕಾಲದಲ್ಲಿ ಕಲಬುರಗಿಯ ಯಾವ ತರಗತಿಯಲ್ಲಾದರೂ ನೊಣ ನಿಜವಾಗಿಯೇ ಇರುತ್ತದೆ. ಕಿಟಕಿಗೆ ಜಾಳಿಗೆ ಇರುವ ಕೊಠಡಿ ಹುಡುಕಿ. ನಿಜವಾದ ನೊಣ ಬಂದ ಸರದಿಯಲ್ಲಿ ಆ ಅಂಶಕ್ಕೆ ಗುರುತು ಹಾಕಿಟ್ಟುಕೊಂಡು ವಿಶ್ಲೇಷಣೆಯಿಂದ ಹೊರಗಿಡಿ. ಮುಂದೆ ಸಿ ರೂಪಕ್ಕೆ ಹೋಗುವವರಿಗೆ ಇಲ್ಲೇ ಒಂದು ಎಚ್ಚರಿಕೆ: ಅಲ್ಲಿನ ಸಿಹಿ, ಹುಳಿ ರುಚಿಯ ಅಂಶಕ್ಕೆ ಬೆಲ್ಲ, ಹುಣಸೆಹಣ್ಣು ಎಂದು ಹೆಸರು ಸೇರಿಸಿದರೆ ಬಾಯಲ್ಲಿ ನೀರೂರುವುದು ಸಹಜ, ಅಂಶ ಸುಲಭವಾಗಿಬಿಡುತ್ತದೆ. ಬಾಲ್ಯಕ್ಕೆ ಮರಳುವ ಅಂಶದಲ್ಲಿ ಹೆಸರು ಬರೆಸುವಾಗ, ಉರ್ದು ಮಾಧ್ಯಮದಲ್ಲಿ ಕಲಿತು ಈಗ ಕನ್ನಡದಲ್ಲಿ ಬರೆಯುವವರು ಯಾವ ಲಿಪಿಯಲ್ಲಿ ಬರೆದರೆಂಬುದನ್ನು ದಾಖಲಿಸಬೇಕು.

ಅಂಕ ಕೊಡುವ ಮಿತಿಗಳಲ್ಲಿ ಸ್ವಾತಂತ್ರ್ಯ ಬೇಡ. ಇಳಿಯುವ ಕೈ ಕನಿಷ್ಠ ಆರು ಇಂಚು ಇಳಿದಿರಬೇಕು. ಕೂಡುವ ಕೈಗಳ ನಡುವೆ ಆರು ಇಂಚಿಗಿಂತ ಹೆಚ್ಚು ಅಂತರವಿರಬಾರದು. ಹಳ್ಳಿಯವರಿಗೆ ತಿಳಿಯಲೆಂದು ಇದನ್ನು "ಗೇಣು" ಎಂದು ಮಾಡಿದರೆ ಅಳತೆ ಸುಮಾರು ಒಂಬತ್ತು ಇಂಚಾಗಿ, ಒಂದು ಅಂಶ ಕಷ್ಟವಾಗುತ್ತದೆ, ಇನ್ನೊಂದು ಸುಲಭವಾಗುತ್ತದೆ. ಇಂಚು ಎಲ್ಲರಿಗೂ ಗೊತ್ತಿರುವ ಮಾತೇ. ಆರು ಇಂಚಿನ ಪಟ್ಟಿಯೊಂದನ್ನು ತೋರಿಸಿದರೆ ಸಾಕು. ಭಾಗವಹಿಸಿದವರೇ ತುಂಬುವ ಪುಸ್ತಿಕೆಯಲ್ಲಿ "ನಿಮ್ಮನ್ನು ನೋಡುತ್ತಿದ್ದವರಿಗೆ ಹೇಗೆ ಕಂಡಿರಬಹುದು" ಎಂಬ ಕೋನದಿಂದ ಪ್ರಶ್ನೆಗಳಿವೆ. ಇನ್ನೊಬ್ಬರ ಕಣ್ಣಿನಿಂದ ತನ್ನನ್ನು ನೋಡಿಕೊಳ್ಳುವ ಈ ವಾಕ್ಯರಚನೆಯಲ್ಲಿ ಎಡವುವವರು ಯಾರು ಎಂಬುದನ್ನು ಸಂದರ್ಶನದಲ್ಲೇ ಪತ್ತೆಹಚ್ಚಬೇಕು. ಉರ್ದು ಪುಸ್ತಿಕೆ ಬಲದಿಂದ ಎಡಕ್ಕೆ ಸಾಗುವುದರಿಂದ ಎರಡು ಆಯ್ಕೆಗಳನ್ನು ಅಕ್ಕಪಕ್ಕ ಅಚ್ಚು ಹಾಕದೆ ಒಂದರ ಕೆಳಗೊಂದು ಹಾಕುವುದು ಉತ್ತಮ.

ಹನ್ನೆರಡನೆಯ ಅಂಶವಾದ ಮರೆವಿನಲ್ಲಿ ಈ ಪ್ರದೇಶಕ್ಕೆ ವಿಶೇಷವಾದ ಬಲೆಯಿದೆ. ನಡೆದದ್ದು ನೆನಪಿಗೆ ಬರುವುದಿಲ್ಲ ಎಂಬ ಸೂಚನೆಯ ಬಳಿಕ, ನಡೆದದ್ದೆಲ್ಲವನ್ನೂ ನಿಗದಿತ ಕೆಲವು ನಿಮಿಷಗಳಲ್ಲಿ ಬರೆಯಬೇಕು. ನೆನಪು ಮರಳಿಸುವ ಸೂಚನೆಗೆ ಮುಂಚೆ ಮೂರು ಅಥವಾ ಅದಕ್ಕಿಂತ ಕಡಿಮೆ ಅಂಶಗಳನ್ನು ಬರೆದವರು ತೇರ್ಗಡೆ. ಬರವಣಿಗೆ ನಿಧಾನವಾದವರು ಎಲ್ಲವನ್ನೂ ನೆನಪಿಟ್ಟುಕೊಂಡೂ ಮೂರನ್ನೇ ಬರೆದು ಮರೆವಿನಲ್ಲಿ ತೇರ್ಗಡೆಯಾಗಿಬಿಡುತ್ತಾರೆ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಸುಮಾರು ಶೇ. 52, ಬೀದರಿನದು ಸುಮಾರು ಶೇ. 70. ಈ ಎರಡು ಜಿಲ್ಲೆಗಳ ಮರೆವಿನ ಅಂಕವನ್ನು ಬರವಣಿಗೆಯ ಮೂಲಕ ಹೋಲಿಸಿದರೆ ಅಳೆದದ್ದು ಶಾಲೆಯನ್ನು. ಪರಿಹಾರ ಎರಡು: ಬಾಯಿಮಾತಿನಲ್ಲಿ ಹೇಳಿಸಿ ಒಬ್ಬೊಬ್ಬರದನ್ನೂ ಬೇರೆಯಾಗಿ ಮುದ್ರಿಸಿಕೊಳ್ಳುವುದು, ಜೊತೆಗೆ "ಈಗ ಎಲ್ಲ ನೆನಪಾಗುತ್ತದೆ" ಎಂದ ಮೇಲೆ ಎಷ್ಟು ಹೊಸ ಅಂಶಗಳು ಹೊರಬಂದವು ಎಂಬುದನ್ನೂ ಎಣಿಸಿ, ಮರಳಿ ಬಾರದ ಮರೆವನ್ನು ಬೇರೆಯಿಡುವುದು.

ಕೊಠಡಿ, ಕಾಲ, ನಡೆಸುವವರು

ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ತಾಪಮಾನ 40 ಡಿಗ್ರಿ ದಾಟುತ್ತದೆ, ಆಗ ರೆಪ್ಪೆ ಭಾರವಾಗುವುದಕ್ಕೆ ಸೂಚನೆ ಬೇಕಿಲ್ಲ. ನವೆಂಬರಿನಿಂದ ಜನವರಿಯವರೆಗಿನ ಬೆಳಗಿನ ಹೊತ್ತು ಸೂಕ್ತ. ಊಟದ ನಂತರದ ಹೊತ್ತು ಬೇಡ. ರಂಜಾನ್ ಉಪವಾಸದ ತಿಂಗಳಲ್ಲಿ ಉರ್ದು ಗುಂಪನ್ನೂ ಬೇರೆ ತಿಂಗಳಲ್ಲಿ ಕನ್ನಡ ಗುಂಪನ್ನೂ ಅಳೆದರೆ ಹೋಲಿಕೆ ಕೆಟ್ಟಂತೆಯೇ. ಕರೆಂಟು ಹೋದರೂ ಧ್ವನಿ ನಿಲ್ಲದಂತೆ ಬ್ಯಾಟರಿಯ ಸ್ಪೀಕರ್ ಇರಲಿ.

ಪಾಠ ಮಾಡುವ ಅಧ್ಯಾಪಕರೇ ಪ್ರಯೋಗ ನಡೆಸಬಾರದು. ಇಂಟರ್ನಲ್ ಮಾರ್ಕ್ಸ್ ಯಾರ ಕೈಯಲ್ಲಿದೆಯೋ ಅವರು "ನಿಮ್ಮ ತೋಳು ಮಡಚುವುದಿಲ್ಲ" ಎಂದರೆ ಅದು ಮಡಚದೇ ಇರುವುದಕ್ಕೆ ಸಮ್ಮೋಹನವಲ್ಲದ ಕಾರಣಗಳೇ ಹೆಚ್ಚು. ಧ್ವನಿಮುದ್ರಿಕೆ ಬಳಸಿ, ಬೇರೆ ವಿಭಾಗದ ಒಬ್ಬರಿಂದ ನಡೆಸಿ. ಪ್ರತಿ ಅಂಶಕ್ಕೂ "ಅದು ತಾನಾಗಿಯೇ ಆಯಿತೋ, ನಾನೇ ಮಾಡಿದೆನೋ" ಎಂಬ ಐದು ಹಂತಗಳ ಪ್ರಶ್ನೆಯನ್ನು ಸೇರಿಸಿದರೆ ಗೌರವಕ್ಕೆ ಕೈ ಇಳಿಸಿದವರು ಸ್ವಲ್ಪಮಟ್ಟಿಗೆ ಬೇರೆಯಾಗುತ್ತಾರೆ. ಸ್ಪಾನೋಸ್ ಮತ್ತು ಸಂಗಡಿಗರ ಕಾರ್ಲ್‌ಟನ್ ಮಾಪನ ಈ ಭೇದಕ್ಕಾಗಿಯೇ ಮೂರು ಬಗೆಯ ಅಂಕಗಳನ್ನು ಕೊಡುತ್ತದೆ.

ಮೈಲಾಪುರದ ಜಾತ್ರೆಯಲ್ಲೋ, ಮೊಹರಮ್ಮಿನ ಅಲಾಯಿಯ ಸುತ್ತಲೋ ದೇವರು ಮೈಮೇಲೆ ಬಂದದ್ದನ್ನು ನೋಡಿದ ಅಥವಾ ಸ್ವತಃ ಅನುಭವಿಸಿದ ಜನ ನಮ್ಮ ಮಾದರಿಯಲ್ಲಿ ಇದ್ದೇ ಇರುತ್ತಾರೆ. ಆ ಅನುಭವಕ್ಕೂ ಈ ಅಂಕಕ್ಕೂ ಸಂಬಂಧವಿದೆಯೇ ಎನ್ನುವುದು ಒಳ್ಳೆಯ ಪ್ರಶ್ನೆ, ಆದರೆ ಅದನ್ನು ಪ್ರಯೋಗಕ್ಕೆ ಮೊದಲು ಕೇಳಿದರೆ "ಇವತ್ತು ಅಂಥದ್ದೇ ಏನೋ ಆಗಬೇಕು" ಎಂಬ ನಿರೀಕ್ಷೆಯನ್ನು ನಾವೇ ಬಿತ್ತಿದಂತಾಗುತ್ತದೆ. ಪುಸ್ತಿಕೆ ತುಂಬಿಯಾದ ಮೇಲೆ, ನಂಬಿಕೆಯನ್ನು ತೂಗಿ ನೋಡುವ ಧ್ವನಿಯಿಲ್ಲದೆ ಕೇಳಬೇಕು. ಮೈಮೇಲೆ ಬರುವುದನ್ನು ಸಮ್ಮೋಹನಶೀಲತೆಯ ಪುರಾವೆಯೆಂದು ಅಂಕಕ್ಕೆ ಸೇರಿಸುವುದು ಮಾತ್ರ ಸಲ್ಲದು.

ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ, ಭಾಗವಹಿಸುವವರು ಓದಬಲ್ಲ ಅಥವಾ ಕೇಳಿ ಅರಿಯಬಲ್ಲ ಭಾಷೆಯಲ್ಲಿ ಸಮ್ಮತಿ, ಯಾವ ಕ್ಷಣದಲ್ಲಾದರೂ ಎದ್ದು ಹೋಗುವ ಸ್ವಾತಂತ್ರ್ಯ, ಇವು ಕಡ್ಡಾಯ. ಮನೋವಿಕೃತಿಯ ಚಿಕಿತ್ಸೆಯಲ್ಲಿರುವವರನ್ನು ಸೇರಿಸಿಕೊಳ್ಳಬಾರದು. ಕೊನೆಯಲ್ಲಿ ಕೊಟ್ಟ ಸೂಚನೆಗಳೆಲ್ಲವನ್ನೂ ಒಂದೊಂದಾಗಿ ಹಿಂತೆಗೆದುಕೊಂಡು, ಮಂಪರು ಉಳಿದವರನ್ನು ಚಹಾ ಕುಡಿಸಿ ಕೂರಿಸಿಕೊಳ್ಳಬೇಕು. ತಕ್ಷಣ ಬೈಕ್ ಹತ್ತಲು ಬಿಡಬಾರದು.

ಹೋಲಿಕೆಯ ಲೆಕ್ಕ

ಮೊದಲು ಒಂದೊಂದು ಭಾಷೆಯಲ್ಲೂ ಪ್ರತಿ ಅಂಶದ ತೇರ್ಗಡೆ ಪ್ರಮಾಣವನ್ನು ಬರೆದು, ಸುಲಭದಿಂದ ಕಷ್ಟದ ಕಡೆಗೆ ಜೋಡಿಸಬೇಕು. ತಲೆ, ಕೈಗಳ ಚಲನೆಯ ಅಂಶಗಳು ಸುಲಭದ ಕಡೆಗೂ, ನೊಣ ಮತ್ತು ಸಮ್ಮೋಹನೋತ್ತರ ಸೂಚನೆಯ (ಹರಡು ಮುಟ್ಟುವ) ಅಂಶಗಳು ಕಷ್ಟದ ಕಡೆಗೂ ನಿಲ್ಲುವುದು ಬೇರೆ ದೇಶಗಳ ಮಾನಕಗಳಲ್ಲಿ ಸಾಮಾನ್ಯ. ನಮ್ಮ ಒಂದು ಭಾಷೆಯಲ್ಲಿ ಮಾತ್ರ ಈ ಕ್ರಮ ತಲೆಕೆಳಗಾದರೆ ಅನುಮಾನ ಮೊದಲು ಅನುವಾದದ ಮೇಲೆ ಹೋಗಬೇಕು, ಜನರ ಮೇಲಲ್ಲ. ಬಳಿಕ ಆಂತರಿಕ ಹೊಂದಾಣಿಕೆಗೆ, ಅಂದರೆ ಅಂಶಗಳೆಲ್ಲ ಒಟ್ಟಾಗಿ ಒಂದೇ ಗುಣವನ್ನು ಅಳೆಯುತ್ತಿವೆಯೇ ಎಂದು ನೋಡಲು, ಕೂಡರ್-ರಿಚರ್ಡ್‌ಸನ್ 20 ಸೂತ್ರ.

ಇದಾದ ಮೇಲೆ ಅಂಶಗಳ ಪಕ್ಷಪಾತವನ್ನು ನೋಡುವ ಮಾಂಟೆಲ್-ಹೆನ್ಸೆಲ್ ವಿಧಾನ. ಒಟ್ಟು ಅಂಕ ಸಮನಾಗಿರುವ ಕನ್ನಡ ಮತ್ತು ಉರ್ದು ಭಾಷಿಕರನ್ನು ಮಾತ್ರ ಹೋಲಿಸಿ, ಒಂದು ಅಂಶದಲ್ಲಿ ಅವರು ಸಮಾನವಾಗಿ ತೇರ್ಗಡೆಯಾಗುತ್ತಾರೆಯೇ ಎಂದು ಅದು ಕೇಳುತ್ತದೆ. ಒಟ್ಟು 6 ಅಂಕ ಪಡೆದ ಎರಡೂ ಗುಂಪಿನವರಲ್ಲಿ ಕೈ ಕೂಡುವ ಅಂಶವನ್ನು ಒಂದು ಗುಂಪು ಸದಾ ಹೆಚ್ಚು ದಾಟುತ್ತಿದ್ದರೆ, ಮೇಲೆ ಹೇಳಿದ ನಮಸ್ಕಾರದ ಅನುಮಾನಕ್ಕೆ ಆಗ ಆಧಾರ ಸಿಗುತ್ತದೆ. ಒಂದೊಂದು ಭಾಷೆಗೆ ಸುಮಾರು 200 ಜನರಾದರೂ ಇಲ್ಲದೆ ಈ ಲೆಕ್ಕಕ್ಕೆ ಇಳಿಯುವುದು ವ್ಯರ್ಥ. ಅಂಶಗಳು ಹೌದು-ಇಲ್ಲ ಎಂಬ ಎರಡೇ ಉತ್ತರದವಾದ್ದರಿಂದ ಅವುಗಳ ಹಿಂದಿರುವ ಗುಣಗಳನ್ನು ಹುಡುಕುವ ಫ್ಯಾಕ್ಟರ್ ವಿಶ್ಲೇಷಣೆಗೆ, ಎರಡೇ ಉತ್ತರದ ಅಂಶಗಳಿಗೆ ಹೊಂದುವ ಟೆಟ್ರಾಕೋರಿಕ್ ಸಹಸಂಬಂಧ ಬಳಸಿ, ರಚನೆ (ಯಾವ ಅಂಶ ಯಾವ ಗುಣಕ್ಕೆ ಸೇರುತ್ತದೆ), ಭಾರ (ಆ ಗುಣದೊಂದಿಗೆ ಎಷ್ಟು ಬಿಗಿಯಾಗಿ ಸೇರುತ್ತದೆ), ಹೊಸ್ತಿಲು (ಅಂಶವನ್ನು ದಾಟಲು ಆ ಗುಣ ಎಷ್ಟು ಬೇಕು) ಈ ಕ್ರಮದಲ್ಲಿ ಸಮಾನತೆಯನ್ನು ಪರೀಕ್ಷಿಸಬೇಕು. ಹೊಸ್ತಿಲಿನ ಹಂತ ದಾಟಿದರೆ ಮಾತ್ರ ಸರಾಸರಿಗಳ ಹೋಲಿಕೆ.

ಈ ಸೀಮೆಯ ನಿಜವಾದ ಬಲ ಇಲ್ಲಿನ ದ್ವಿಭಾಷಿಕರು. ಕನ್ನಡ, ಉರ್ದು ಎರಡನ್ನೂ ಚಿಕ್ಕಂದಿನಿಂದ ಆಡುವವರನ್ನು ಚೀಟಿ ಎತ್ತಿ ಎರಡು ಪಾಲು ಮಾಡಿ, ಒಂದು ಪಾಲಿಗೆ ಕನ್ನಡದಲ್ಲೂ ಇನ್ನೊಂದಕ್ಕೆ ಉರ್ದುವಿನಲ್ಲೂ ಮಾಪನ ನಡೆಸಿದರೆ, ಊರು, ಮನೆತನ, ಓದು ಸರಿಸುಮಾರು ಒಂದೇ ಆಗಿದ್ದು ಭಾಷೆಯೊಂದೇ ಬೇರೆಯಾಗುತ್ತದೆ. ಕೆಲವು ವಾರ ಬಿಟ್ಟು ಭಾಷೆಗಳನ್ನು ಅದಲುಬದಲು ಮಾಡಿ ಮತ್ತೆ ಅಳೆಯಬಹುದು, ಆದರೆ ಎರಡನೆಯ ಸಲ ಅಂಕ ತಾನಾಗಿಯೇ ಬದಲಾಗುವುದುಂಟು. ಅದಕ್ಕೇ ಕನ್ನಡ ಮೊದಲು, ಉರ್ದು ಮೊದಲು ಎಂಬ ಎರಡೂ ಕ್ರಮಗಳು ಬೇಕು. ಏಕಭಾಷಿಕರ ನಡುವೆ ಕಂಡ ಅಂತರ ದ್ವಿಭಾಷಿಕರ ಈ ಪ್ರಯೋಗದಲ್ಲಿ ಮಾಯವಾದರೆ, ಅಂತರ ಪಠ್ಯದ ಭಾಷೆಯಲ್ಲಿರಲಿಲ್ಲ, ಓದು, ನಂಬಿಕೆ, ಪರಿಚಯ ಇಂಥವುಗಳಲ್ಲಿತ್ತು ಎಂದು ಹೇಳಲು ಹತ್ತಿರವಾಗುತ್ತೇವೆ.

ಹಲವರು 0ಯಿಂದ 4ರವರೆಗೆ ಕಡಿಮೆ, 9ರಿಂದ 12ರವರೆಗೆ ಹೆಚ್ಚು ಎಂದು ವಿಂಗಡಿಸುತ್ತಾರೆ. ಈ ಗೆರೆಗಳನ್ನು ಹಾಗೆಯೇ ತರದೆ, ಸ್ಥಳೀಯ ಹಂಚಿಕೆ ಸಿಕ್ಕಿದ ಮೇಲೆ ನೂರಕ್ಕೆ ಎಷ್ಟು ಮಂದಿ ಆ ಅಂಕಕ್ಕಿಂತ ಕೆಳಗಿದ್ದಾರೆ ಎಂಬುದರ (ಪರ್ಸೆಂಟೈಲ್) ಪ್ರಕಾರ ಎಳೆಯಬೇಕು. ಮಾದರಿ ಕಾಲೇಜಿನ ವಿದ್ಯಾರ್ಥಿಗಳದ್ದಾದರೆ ಶೀರ್ಷಿಕೆಯಲ್ಲಿ "ಕಲಬುರಗಿಯ ಕಾಲೇಜು ವಿದ್ಯಾರ್ಥಿಗಳು" ಎಂದಿರಲಿ, "ಕನ್ನಡಿಗರು" ಎಂದು ಬೇಡ. ವರದಿಯ ಅನುಬಂಧದಲ್ಲಿ ಪ್ರತಿ ಭಾಷೆಯ ಪೂರ್ಣ ಪಠ್ಯ, ಧ್ವನಿಯ ಅವಧಿ, ಬದಲಿಸಿದ ಅಂಶಗಳು ಮತ್ತು ಕಾರಣ, ಅಂಶವಾರು ತೇರ್ಗಡೆ ಪ್ರಮಾಣ, ಪಕ್ಷಪಾತ ಕಂಡ ಅಂಶಗಳನ್ನು ಸೇರಿಸಿದಾಗಿನ ಮತ್ತು ಬಿಟ್ಟಾಗಿನ ಸರಾಸರಿ ಇಷ್ಟೂ ಇದ್ದರೆ, ರಾಯಚೂರಿನಲ್ಲೋ ಸೊಲ್ಲಾಪುರದಲ್ಲೋ ಮುಂದೆ ಇದೇ ಕೆಲಸ ಹಿಡಿಯುವವರು ಮೊದಲ ಅನುವಾದದಿಂದ ಮತ್ತೆ ಶುರುಮಾಡಬೇಕಾಗುವುದಿಲ್ಲ.